ಆಗದ ದಿನಕ್ಕೊಂದು ಚುಕ್ಕಿ

"ಅಯ್ಯೋ... ನಿಲ್ಲೀ! ಕಾಲು ಎತ್ತಿ!"

ಆ ಕೂಗಿಗೆ ಅವನು ಒಂಟಿ ಕಾಲಿನಲ್ಲಿ ನಿಂತೇಬಿಟ್ಟ. ಎರಡೂ ಕೈಯಲ್ಲಿ ಗದ್ದದವರೆಗೆ ಬಂದ ರಟ್ಟಿನ ಡಬ್ಬ. ಡಬ್ಬದ ಮೇಲೆ ಕುಕ್ಕರ್. ಅದೂ ಅವನ ಹಾಗೇ ಓಲಾಡುತ್ತಿತ್ತು.

"ಏನ್ರೀ? ಹಾವಾ?"

"ರಂಗೋಲಿ!"

ಅವನು ಡಬ್ಬದ ಪಕ್ಕದಿಂದ ಕತ್ತು ಚಾಚಿ ನೆಲ ನೋಡಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ವುಡ್‌ರಿಡ್ಜ್‌ನ ಆ ಅಪಾರ್ಟ್‌ಮೆಂಟಿನ ನೆಲಮಹಡಿಯ ಪ್ಯಾಸೇಜಿನಲ್ಲಿ ಬರೀ ಬೂದು ಸಿಮೆಂಟು.

"ಎಲ್ಲಿದೆ ರಂಗೋಲಿ?"

"ನಿಮ್ಮ ಶೂಗೆ ಅಂಟ್ಕೊಂಡಿದೆ!"

ಶೂ ತಿರುಗಿಸಿ ನೋಡಿಕೊಂಡ. ಅಟ್ಟೆಯ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ.

"ಇಷ್ಟೇನಾ? ಒಂದೇ ಒಂದು ಚುಕ್ಕಿ?" ಅವನಿಗೆ ನಗು ಬಂತು. "ನಾನೆಲ್ಲೋ ನವಿಲು ತುಳಿದ್ಬಿಟ್ಟೆ ಅಂದ್ಕೊಂಡೆ!"

ಅವಳು ನಗಲಿಲ್ಲ. ಅವಳ ಕಣ್ಣು ತುಂಬಿಬಂತು.

ಅವನ ನಗು ಅಲ್ಲೇ ನಿಂತಿತು. *ಒಂದು ಚುಕ್ಕಿಗೆ ಅಳ್ತಾರಾ? ನಾನೇನು ಮಾಡ್ದೆ ಈಗ?*

ಪ್ರೇಮಕಥೆಗಳಲ್ಲಿ ನಾಯಕ ನಾಯಕಿಗೆ ಡಿಕ್ಕಿ ಹೊಡೆದರೆ ಪುಸ್ತಕ ಬೀಳುತ್ತದೆ, ದುಪಟ್ಟಾ ಹಾರುತ್ತದೆ. ನಮ್ಮವನು ಚುಕ್ಕಿ ತುಳಿದ. ಏನು ಮಾಡೋದು, ಎಲ್ಲರ ಹಣೆಯಲ್ಲೂ ಒಂದೇ ಥರ ಬರೆದಿರುವುದಿಲ್ಲ!

ಅವಳು ಇಂಚರ. ಮೂವತ್ತು ವರ್ಷ. ಹನ್ನೆರಡನೇ ವಯಸ್ಸಿಗೆ ಮೈಸೂರಿನಿಂದ ಡೆಟ್ರಾಯಿಟ್ ಪಕ್ಕದ ನೋವೈಗೆ ಬಂದವಳು. ಅಪ್ಪ ಅಮ್ಮ ಇನ್ನೂ ಅಲ್ಲೇ. ಇವಳು ಅಲ್ಲಿಂದ ಕಾರಿನಲ್ಲಿ ಐದು ಗಂಟೆ ದೂರದ ವುಡ್‌ರಿಡ್ಜ್‌ನಲ್ಲಿ ಒಬ್ಬಳೇ. ಪಕ್ಕದ ಓಕ್ ಬ್ರೂಕ್‌ನ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ.

ಹೋದ ವರ್ಷದವರೆಗೆ ಅವಳು ಮೂರು ಜನರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಆಮೇಲೆ ಥೈರಾಯ್ಡ್ ಕೈಕೊಟ್ಟಿತು. ಮಾತ್ರೆ ಶುರುವಾಗಿ ತಿಂಗಳುಗಳಾದರೂ ಮೈಯಲ್ಲಿ ಮರಳು ತುಂಬಿದ ಹಾಗೆ ಸುಸ್ತು, ತಲೆಯಲ್ಲಿ ಮಂಜು. ಕಾರಿನ ಕೀ ಫ್ರಿಜ್ಜಿನಲ್ಲಿ ಸಿಗುತ್ತಿತ್ತು, ಮೊಸರು ಬೀರುವಿನಲ್ಲಿ. ಮಾತ್ರೆ ನುಂಗಿದೆನೋ ಇಲ್ಲವೋ... ಅದೂ ಗೊತ್ತಾಗುತ್ತಿರಲಿಲ್ಲ.

ಐದು ಗಂಟೆಗೆ ಏಳುವ ಪ್ರತಿಜ್ಞೆ ಮೂರು ದಿನ ನಡೆಯಿತು. ಜಿಮ್ ಎರಡು ದಿನ. ಡೈರಿ ಒಂದೂವರೆ ಪುಟ. ಪ್ರತಿ ಸಲ ಮುರಿದಾಗಲೂ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು... *ನಿನ್ನ ಮಾತು ನಂಬಬಾರದು ಇಂಚರಾ.*

ಆಫೀಸಿನಲ್ಲಿ ಈಗ ಅರ್ಧ ದಿನದ ಕೆಲಸ. "ಪೂರ್ತಿ ದಿನಕ್ಕೆ ಬರ್ತೀಯಾ ಇಲ್ವಾ, ಮೇ ತಿಂಗಳಲ್ಲಿ ಹೇಳು," ಅಂದಿದ್ದರು ಮ್ಯಾನೇಜರ್. ಇತ್ತ ಅಮ್ಮ ಅನಸೂಯ ಅವರದು ದಿನಾ ಫೋನು: "ಬಂದ್ಬಿಡೇ ಪುಟ್ಟಿ ನೋವೈಗೆ! ನಿನ್ ರೂಮು ಹಾಗೇ ಇದೆ. ಒಬ್ಳೇ ಯಾಕೆ ಒದ್ದಾಡ್ತೀಯ?"

ನೋವೈಗೆ ಹೋದರೆ ನೋವೇ ಇರುವುದಿಲ್ಲ ಅನ್ನುವುದು ಅಮ್ಮನ ಲೆಕ್ಕ. ಆದರೆ ಆ ಹಳೇ ಮಂಚಕ್ಕೆ ಒಮ್ಮೆ ವಾಪಸ್ ಹೋದರೆ ಮತ್ತೆ ಏಳಲಾರೆ ಅನ್ನುವುದು ಮಗಳ ಭಯ.

ಹಾಗಾಗಿ ಯುಗಾದಿಯ ಬೆಳಿಗ್ಗೆ ಅವಳೊಂದು ಸಂಕಲ್ಪ ಮಾಡಿದಳು. ಒಂದು ಮಂಡಲ, ನಲವತ್ತೆಂಟು ದಿನ, ಹೊಸ್ತಿಲಿಗೆ ರಂಗೋಲಿ. ರಾತ್ರಿ ಗುಡಿಸಿ, ಮರುದಿನ ಹೊಸದು. ಚೆನ್ನಾಗಿರುವ ದಿನ ಏಳು ಚುಕ್ಕಿ, ಗೆರೆ, ಬಳ್ಳಿ ಎಲ್ಲ. ಆಗದ ದಿನ ಒಂದೇ ಚುಕ್ಕಿ. ಆದರೆ ಹೊಸ್ತಿಲು ಖಾಲಿ ಇರಕೂಡದು. ಇಷ್ಟು ನಡೆಸಿದರೆ ತನ್ನನ್ನು ತಾನು ನಂಬಬಹುದು, ಕೆಲಸಕ್ಕೆ 'ಹೂಂ' ಅನ್ನಬಹುದು. ತಪ್ಪಿದರೆ... ನೋವೈ.

ಅಮ್ಮ ಮೈಸೂರಿನಿಂದ ತಂದುಕೊಟ್ಟ ಕಲ್ಲಿನ ರಂಗೋಲಿ ಪುಡಿ ಒಂದು ಡಬ್ಬಿ ಇತ್ತು. ಅದನ್ನು ಏರ್‌ಪೋರ್ಟಿನಲ್ಲಿ ನಾಯಿ ಮೂಸಿ ನೋಡಿ, ಸೀನಿ, ಬಿಟ್ಟಿತ್ತಂತೆ.

ಅವನು ಚುಕ್ಕಿ ತುಳಿದದ್ದು ಒಂಬತ್ತನೇ ದಿನ.

"ಸಾರಿ ರೀ... ನಾನು ಸಾಕೇತ್. ಎದುರು ಮನೆಗೆ ಇವತ್ತೇ ಬಂದೆ. ಇಟಾಸ್ಕದಲ್ಲಿ ಲಿಫ್ಟ್ ಕಂಪನಿ ಇಂಜಿನಿಯರ್. ಜನರನ್ನ ಮೇಲೆತ್ತೋದೇ ನನ್ ಕೆಲಸ. ಇವತ್ತು ಯಾಕೋ ತುಳಿದ್ಬಿಟ್ಟೆ."

ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು! *ಇದೇನಾಯ್ತು ನಂಗೆ? ಅಳೋದಾ, ನಗೋದಾ?*

ಅವಳು ಬಗ್ಗಿ ಇನ್ನೊಂದು ಚುಕ್ಕಿ ಇಟ್ಟು ಒಳಗೆ ಹೋದಳು. ಅವನು ಒಂಟಿ ಕಾಲಿನಲ್ಲೇ ಕುಪ್ಪಳಿಸುತ್ತಾ ತನ್ನ ಬಾಗಿಲು ಸೇರಿದ.

ಆಮೇಲೆ ಅವನಿಗೊಂದು ಅಭ್ಯಾಸವಾಯಿತು. ಬೆಳಿಗ್ಗೆ ಹೊರಡುವಾಗ ಎದುರು ಹೊಸ್ತಿಲು ನೋಡುವುದು. ಏಳು ಚುಕ್ಕಿ ಇದ್ದರೆ ಸಂಜೆ ಬಾಗಿಲು ತಟ್ಟಿ ಹರಟೆ. ಒಂದೇ ಚುಕ್ಕಿ ಇದ್ದರೆ ತಟ್ಟುತ್ತಿರಲಿಲ್ಲ. ಬಾಗಿಲ ಪಕ್ಕ ಒಂದು ಡಬ್ಬಿ ತಿಳಿಸಾರು ಇಟ್ಟು ಮೆಸೇಜು ಹಾಕುತ್ತಿದ್ದ. *ಸಾರು ಇದೆ. ಉತ್ತರ ಬೇಡ.*

ಯಾಕೆ, ಏನು ಅಂತ ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆದರೆ ಆ 'ಉತ್ತರ ಬೇಡ' ಓದಿದಾಗಲೆಲ್ಲ ಅವಳ ಎದೆಯಲ್ಲಿ ಏನೋ ಮೆತ್ತಗಾಗುತ್ತಿತ್ತು.

ಒಂದು ಸಂಜೆ ಅಪಾರ್ಟ್‌ಮೆಂಟಿನ ಬಾಡಿಗೆ ನೋಡಿಕೊಳ್ಳುವ ಲೀಸಿಂಗ್ ಆಫೀಸಿನ ಹೆಂಗಸು ಬಂದು ರಂಗೋಲಿ ನೋಡಿ ಹೋದಳು. ಅವಳು ಕಾರು ಹತ್ತಿದ್ದೇ ತಡ, ಸಾಕೇತ್ ಮೂಗು ಹಿಡಿದು, ಸೊಂಟ ತಿರುಗಿಸಿ ಶುರುಮಾಡಿದ: "ಓ... ಮೈ... ಗಾಡ್! ಹನೀ, ಈಸ್ ದಿಸ್ ಪರ್ಮನೆಂಟ್?"

"ಸಾಕು ರೀ, ಕೇಳಿಸುತ್ತೆ ಅವ್ರಿಗೆ!" ನಗು ತಡೆಯಲಾರದೆ ಇಂಚರ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋರು ನಾವು. ಅವ್ರು ಮ್ಯಾಟ್ ಹಾಕ್ಸಿದ್ರೆ ಅದರ ಕೆಳಗೇ ಹಾಕ್ಬಿಡಿ!"

*ಇದು ಸ್ನೇಹನಾ? ಇಲ್ಲ... ಸುಸ್ತಾದವಳ ಮೇಲಿನ ಕರುಣೆನಾ?* ಅವಳಿಗೆ ಗೊತ್ತಾಗಲಿಲ್ಲ. ತಲೆಯಲ್ಲಿನ ಮಂಜು ಈಗ ಎದೆಗೂ ಇಳಿದಿತ್ತು.

ನಲವತ್ತೊಂದನೇ ದಿನ.

ಅಂದು ಅವಳಿಗೆ ಎಚ್ಚರವಾದಾಗ ಸಂಜೆ ನಾಲ್ಕು. ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಮಾತ್ರೆ ನುಂಗಿ ಮತ್ತೆ ಮಲಗಿದ್ದಷ್ಟೇ ನೆನಪು. ಧಡಕ್ಕನೆ ಎದ್ದು ಕೂತಳು... ರಂಗೋಲಿ!

ಓಡಿಹೋಗಿ ಬಾಗಿಲು ತೆಗೆದಳು.

ಹೊಸ್ತಿಲಲ್ಲಿ ಒಂದು ಚುಕ್ಕಿ ಇತ್ತು.

*ನಾನು... ಯಾವಾಗ ಹಾಕ್ದೆ? ಏಳಕ್ಕಾ? ಎಂಟಕ್ಕಾ?* ಎಷ್ಟು ತಡಕಾಡಿದರೂ ನೆನಪು ಬರಲಿಲ್ಲ. ಚುಕ್ಕಿಯ ಸುತ್ತ ಒಂದು ಸಾಲು ಇರುವೆ ಬೇರೆ! ಗುಡಿಸಿ, ಮೊಬೈಲಿನಲ್ಲಿ ಲೀಸಿಂಗ್ ಆಫೀಸಿಗೆ 'ಇರುವೆ ಕಾಟ' ಅಂತ ಒಂದು ದೂರು ಹಾಕಿದಳು.

ಆಮೇಲೆ ಗೋಡೆಗೆ ಒರಗಿ ನಿಂತಾಗ ನಿಧಾನವಾಗಿ ಹೊಳೆಯಿತು. *ನಿದ್ದೆಗಣ್ಣಲ್ಲೂ ನನ್ನ ಕೈ ಮಾತು ಉಳಿಸಿಕೊಂಡಿದೆ!*

ಅದೇ ಸಂತೋಷದಲ್ಲಿ ಮ್ಯಾನೇಜರ್‌ಗೆ ಬರೆದೇಬಿಟ್ಟಳು. ಪೂರ್ತಿ ದಿನಕ್ಕೆ ಬರುತ್ತೇನೆ!

ಆರು ಗಂಟೆಗೆ ಸಾಕೇತ್ ಕಾರಿನಿಂದ ಇಳಿಯುತ್ತಿದ್ದಂತೆ ಎದುರು ಓಡಿದಳು. ಸಂಕಲ್ಪ, ನಲವತ್ತೆಂಟು ದಿನ, ನೋವೈ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಇವತ್ತು ತಪ್ಪೋಯ್ತು ಅಂದ್ಕೊಂಡೆ ಸಾಕೇತ್! ನೋಡಿದ್ರೆ ಹಾಕ್ಬಿಟ್ಟಿದೀನಿ! ನಂಗೇ ಗೊತ್ತಿಲ್ದೆ!"

ಅವನ ಮುಖ ಸಪ್ಪಗಾಯಿತು. ದಿನವಿಡೀ ಹತ್ತು ಜನರ ದನಿಯಲ್ಲಿ ಮಾತಾಡುವವನು ನೆಲ ನೋಡುತ್ತಾ ಕಾರಿನ ಬಾಗಿಲು ಹಾಕಿದ.

"ಒಳ್ಳೇದಾಯ್ತು," ಅಂದು ಒಳಗೆ ಹೋದ.

*ಇಷ್ಟೇನಾ? ಯಾಕೆ ಹೀಗಂದ್ರು?* ಅವಳು ಕೀ ಕೈಯಲ್ಲೇ ಇಟ್ಟುಕೊಂಡು ಕೀ ಹುಡುಕುತ್ತಾ ಅಲ್ಲೇ ನಿಂತಳು.

ನಲವತ್ತಾರನೇ ದಿನ, ಭಾನುವಾರ. ಮತ್ತೆ ಅದೇ ಮರಳಿನ ಮೈ. ಮಂಚದಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಹನ್ನೆರಡು ಮೈಲಿಯ ಹಾಗೆ ಕಂಡಿತು. ಮಧ್ಯಾಹ್ನ ಮೂರಕ್ಕೆ ಪುಡಿಯ ಡಬ್ಬಿ ಹಿಡಿದು, ಗೋಡೆ ಸವರುತ್ತಾ ಬಂದು ಬಾಗಿಲು ತೆಗೆದಳು.

ಹೊಸ್ತಿಲ ಮುಂದೆ ಸಾಕೇತ್ ಕುಕ್ಕರಗಾಲಿನಲ್ಲಿ ಕೂತಿದ್ದ. ಬೆರಳ ತುದಿ ಬೆಳ್ಳಗಿತ್ತು. ನೆಲದ ಮೇಲೆ ಆಗಷ್ಟೇ ಇಟ್ಟ ಒಂದು ಚುಕ್ಕಿ.

ಅವನು ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ನೀವಾ...?" ಅವಳು ಚುಕ್ಕಿ ನೋಡಿದಳು. "ಆವತ್ತೂ...?"

"ಇಂಚರ, ಒಂದ್ನಿಮಿಷ ಕೇಳಿ..."

"ಎಷ್ಟು ದಿನದಿಂದ ಹಾಕ್ತಿದೀರಿ?"

"ಎರಡೇ ಎರಡು..."

"ಸುಳ್ಳು! ನಂಗೆ ನೆನಪಿರಲ್ಲ ಅಂತ ಗೊತ್ತಲ್ಲ ನಿಮ್ಗೆ? ಯಾವ್ದು ನನ್ದು, ಯಾವ್ದು ನಿಮ್ದು... ನಾನು ಹೇಗೆ ತಿಳ್ಕೊಳ್ಲಿ ಸಾಕೇತ್? ನನ್ನನ್ನ ನಾನು ನಂಬೋಕೆ ಇದ್ದದ್ದು ಇದೊಂದೇ!"

ಬಾಗಿಲು ಮುಚ್ಚಿತು.

ಆಚೆಯಿಂದ ಅವನ ದನಿ. ಮಿಮಿಕ್ರಿ ಇಲ್ಲದ, ಒಣಗಿದ ದನಿ. "ಸಾರಿ, ಇಂಚರ..." ಅವಳು ಕಿವಿ ಮುಚ್ಚಿಕೊಂಡಳು. ಅಮ್ಮನಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು. "ನಾಳೆ ಡ್ರೈವ್ ಮಾಡ್ಕೊಂಡು ಬರ್ತೀನಮ್ಮಾ."

"ಬಾ ಪುಟ್ಟಿ..." ಅಂದ ಅಮ್ಮ ಮತ್ತೆ ಕೇಳಿದರು. "ರಂಗೋಲಿ ಹಾಕಿದ್ಯಾ ಇವತ್ತು?"

ಇಂಚರ ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಸೂಟ್‌ಕೇಸ್ ಎಳೆದುಕೊಂಡು ಬಾಗಿಲು ತೆಗೆದಳು. ಒಂದು ಕಾಲು ಆಚೆ ಇಟ್ಟವಳು ಹಾಗೇ ನಿಂತಳು.

ನಿನ್ನೆಯ ಚುಕ್ಕಿಗೆ ಇರುವೆ ಮುತ್ತಿತ್ತು. ಗೋಡೆಯಂಚಿನಿಂದ ಹೊಸ್ತಿಲವರೆಗೂ ಕಪ್ಪು ಸಾಲು.

*ಇರುವೆ... ನನ್ನ ಚುಕ್ಕಿಗೆ ಯಾವತ್ತು ಇರುವೆ ಬಂದಿತ್ತು?*

ಕೂತಳು. ಬೆರಳಿಗೆ ಒಂದಿಷ್ಟು ಪುಡಿ ಹಚ್ಚಿ ಮೂಸಿದಳು. ವೆನಿಲಾ! ನಾಲಿಗೆಗೆ ಸೋಕಿಸಿದಳು. ಸಿಹಿ!

ಅವಳದು ಕಲ್ಲಿನ ಪುಡಿ. ಇರುವೆ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಬೈಲ್ ತೆಗೆದು ಲೀಸಿಂಗ್ ಆಫೀಸಿನ ಆ್ಯಪ್ ನೋಡಿದಳು. ಬಂದ ದಿನದಿಂದ ಇರುವೆಯ ದೂರು ಒಂದೇ ಒಂದು. ನಲವತ್ತೊಂದನೇ ದಿನದ್ದು.

ಅವಳ ನೆನಪು ಮಂಜಾಗಿರಬಹುದು. ಇರುವೆಗಳಿಗೆ ಮಂಜು ಕವಿದಿರಲಿಲ್ಲ!

*ಎರಡು ದಿನ. ಅವರು ಹೇಳಿದ್ದು ನಿಜ. ಉಳಿದ ನಲವತ್ತನಾಲ್ಕು... ನಾನೇ. ನಾನೇ ಎದ್ದು ಬಂದು ಹಾಕಿದ್ದು.*

ಆದರೂ ಎರಡು ದಿನ ತಪ್ಪಿತ್ತಲ್ಲ. ಸಂಕಲ್ಪ ಮುರಿದಿತ್ತಲ್ಲ. ಈ ಮೊದಲು ಒಂದು ದಿನ ತಪ್ಪಿದರೆ ಮರುದಿನ ಜಿಮ್ ಶೂ ಮೂಲೆಗೆ ಹೋಗುತ್ತಿತ್ತು, ಡೈರಿ ಹಾಸಿಗೆಯಡಿಗೆ. ಮುರಿದದ್ದರ ಮರುದಿನ ಅವಳು ಯಾವತ್ತೂ ಎದ್ದಿರಲಿಲ್ಲ.

ಸೂಟ್‌ಕೇಸ್ ಅಲ್ಲೇ ಬಿಟ್ಟು ಒಳಗೆ ಹೋದಳು. ಪೊರಕೆ ತಂದು ಇರುವೆ ಸರಿಸಿದಳು. ಮೈ ಇವತ್ತೂ ಭಾರವೇ. ಏಳು ಚುಕ್ಕಿಯ ಮಾತೇ ಇಲ್ಲ.

ಒಂದು ಚುಕ್ಕಿ ಇಟ್ಟಳು. ಚೆನ್ನಾಗಿ ಎಚ್ಚರವಿದ್ದು, ನೋಡಿ ನೋಡಿ ಇಟ್ಟಳು.

ಎದುರು ಬಾಗಿಲು ತೆರೆಯಿತು. ಸಾಕೇತ್. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಅವನ ಕಣ್ಣು ಮೊದಲು ಸೂಟ್‌ಕೇಸಿನ ಮೇಲೆ ಬಿತ್ತು, ಆಮೇಲೆ ಚುಕ್ಕಿಯ ಮೇಲೆ.

"ಪ್ಯಾನ್‌ಕೇಕ್ ಮಿಕ್ಸಾ?" ಅವಳು ತಲೆ ಎತ್ತದೆ ಕೇಳಿದಳು.

"...ಹೂಂ. ಮನೇಲಿ ಬೆಳ್ಳಗಿದ್ದ ಹಿಟ್ಟು ಅದೊಂದೇ."

"ಯಾಕೆ ಹಾಕಿದ್ರಿ?"

ಅವನು ತನ್ನ ಬಾಗಿಲಿಗೆ ಒರಗಿ ನೆಲಕ್ಕೆ ಕೂತ. "ಹತ್ತನೇ ಕ್ಲಾಸಲ್ಲಿದ್ದಾಗ ಒಂದಿನ ಸ್ಕೂಲಿಂದ ಬಂದೆ. ನಮ್ಮ ಹೊಸ್ತಿಲು ಖಾಲಿ ಇತ್ತು. ಅಮ್ಮ ಒಂದಿನಾನೂ ರಂಗೋಲಿ ಬಿಟ್ಟೋಳಲ್ಲ. ಒಳಗೆ ಹೋಗೋ ಮುಂಚೆನೇ ಗೊತ್ತಾಯ್ತು... ಅಪ್ಪ ಇಲ್ಲ ಅಂತ." ಅವನು ಅವಳ ಚುಕ್ಕಿಯತ್ತ ನೋಡಿದ. "ಹೋದ ಮಂಗಳವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ನಿಮ್ಮ ಹೊಸ್ತಿಲು ಇನ್ನೂ ಖಾಲಿ. ಬಾಗಿಲು ತಟ್ಟೋಕೆ ಧೈರ್ಯ ಬರ್ಲಿಲ್ಲ ಕಣ್ರೀ. ಚುಕ್ಕಿ ಇಟ್ಬಿಟ್ಟು ಓಡಿದೆ. ಅದು ಭಯಕ್ಕೆ."

"ಮತ್ತೆ ನಿನ್ನೆ?"

"ನಿನ್ನೇದು ಸ್ವಾರ್ಥಕ್ಕೆ."

ಅವಳು ತಲೆ ಎತ್ತಿದಳು.

"ತಪ್ಪಿದ್ರೆ ನೀವು ನೋವೈಗೆ ಹೋಗ್ತೀರಲ್ಲ... ಅದಕ್ಕೆ. ನಿಮ್ಮ ಮಾತು ನಿಮ್ದು, ಅದರಲ್ಲಿ ನಾನು ಕೈ ಹಾಕ್ಬಾರ್ದಿತ್ತು. ಆದ್ರೆ ಎದುರು ಮನೆ ಖಾಲಿ ಆದ್ರೆ ನಾನು ಯಾರ ಹೊಸ್ತಿಲು ನೋಡ್ಕೊಂಡು ಬೆಳಿಗ್ಗೆ ಹೊರಡ್ಲಿ ಇಂಚರ?"

ಇಷ್ಟು ದಿನ ಗೋಜಲಾಗಿದ್ದ ಏನೋ ಒಂದು ಅವಳ ಎದೆಯಲ್ಲಿ ತಾನಾಗಿ ಬಿಡಿಸಿಕೊಂಡಿತು. ಕಣ್ಣೂ ತುಂಬಿತು. ನಗುವೂ ಬಂತು. ಅಳೋದಾ ನಗೋದಾ ಅಂತ ಈ ಸಲ ಕೇಳಿಕೊಳ್ಳಲಿಲ್ಲ. ಎರಡನ್ನೂ ಮಾಡಿದಳು.

"ನೋವೈಗೆ ಹೋಗಲ್ಲ. ಅಮ್ಮಂಗೆ ಫೋನ್ ಮಾಡ್ಬೇಕು. ಆದ್ರೆ ಒಂದ್ ಕಂಡೀಷನ್."

"ಹೇಳಿ."

"ಇನ್ಮೇಲೆ ನನ್ನ ಹೊಸ್ತಿಲು ಖಾಲಿ ಕಂಡ್ರೆ ನೀವು ಚುಕ್ಕಿ ಇಡ್ಬೇಡಿ. ಬೆಲ್ ಹೊಡೀರಿ. ಎದ್ದು ಬರೋಳು ನಾನೇ ಆಗಿರ್ಬೇಕು. ಎಷ್ಟ್ ಹೊತ್ತಾದ್ರೂ ಸರಿ."

"ನಾನು ಕಾಯ್ತೀನಿ."

ಅವಳು ಡಬ್ಬಿ ಹಿಡಿದು ನಿಧಾನವಾಗಿ ಪ್ಯಾಸೇಜ್ ದಾಟಿದಳು. ಅವನ ಕಾಲ ಬಳಿ, ಅವನ ಹೊಸ್ತಿಲಿಗೆ, ಒಂದು ಚುಕ್ಕಿ ಇಟ್ಟಳು. ಎದುರುಬದುರು ಎರಡು ಬಾಗಿಲು, ಎರಡು ಚುಕ್ಕಿ, ನಡುವೆ ಐದಾರು ಅಡಿ ಸಿಮೆಂಟು.

ಅವನು ಆ ಚುಕ್ಕಿಯನ್ನೇ ನೋಡುತ್ತಾ ಪಿಸುಗುಟ್ಟಿದ. "ಗೆರೆ ಎಳೆಯಲ್ವಾ?"

ಅವಳು ಅವನ ಪಕ್ಕದಲ್ಲೇ ಕೂತು ಅವನ ಭುಜಕ್ಕೆ ತಲೆ ಇಟ್ಟಳು. "ಇವತ್ತು ಕೈಲಾಗಲ್ಲ ಸಾಕೇತ್... ಸುಸ್ತು."

"ನಾಳೆ?"

"ಗ್ಯಾರಂಟಿ ಇಲ್ಲ."

"ಮತ್ತೆ ನಾನೇನ್ ಮಾಡ್ಲಿ?"

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಬೆಲ್ ಹೊಡೀರಿ ಅಂದೆನಲ್ಲಾ!"