ಇಲ್ಲದವಳ ನೀಲಿ ಚುಕ್ಕೆ

"ದಿನಾ ಸಂಜೆ ಮನೆಯೊಳಗೆ ಬಂದು ಎಲ್ಲಿ ಬಚ್ಚಿಟ್ಕೊಳ್ತೀಯ?"

ಇಪ್ಪತ್ತಮೂರು ದಿನಗಳ ಮೇಲೆ ಗಂಡ ಆಡಿದ ಮೊದಲ ಮಾತು ಇದು!

ಮುದ್ರಣಾಲಯದ ಅಂಗಳದಲ್ಲಿ, ಕಾಗದದ ಉರುಳೆಗಳ ಪಕ್ಕ ನಿಂತಿದ್ದ ಅವಳು ಅರ್ಧ ತಿದ್ದಿದ ಪ್ರೂಫ್ ಮಡಚಿದಳು.

"ನಾನಾ? ಆ ಹೊಸಿಲು ದಾಟಿದ ಮೇಲೆ ತಿರುಗಿಯೂ ನೋಡಿಲ್ಲ."

"ಸುಳ್ಳು ಹೇಳ್ಬೇಡ..." ನಿದ್ದೆಗೆಟ್ಟ ಅವನ ಕಣ್ಣುಗಳು ಕೆಂಪಾಗಿದ್ದವು. ಫೋನಿನಲ್ಲಿ ನಕ್ಷೆ ತೆರೆದು ಅವಳ ಮುಂದೆ ಹಿಡಿದ. "ಆರು ಗಂಟೆಗೆ ಯಾವುದೋ ಬೀದೀಲಿರ್ತೀಯ. ಕಣ್ಣು ಮಿಟುಕಿಸೋದ್ರೊಳಗೆ ನಮ್ಮನೇಲಿ! ಬಾಗಿಲಿಗೆ ನಾನೇ ಬೀಗ ಹಾಕಿರ್ತೀನಿ. ಮಂಚದ ಕೆಳಗೆ, ಬೀರು ಹಿಂದೆ, ಎಲ್ಲಾ ಹುಡುಕ್ದೆ. ನಿನ್ನ ನೀಲಿ ಚುಕ್ಕೆ ಇರುತ್ತೆ, ನೀನಿರಲ್ಲ."

ಅವಳ ಬೆನ್ನಿನಲ್ಲಿ ತಣ್ಣಗೆ ಏನೋ ಇಳಿಯಿತು. ಯಾಕೆಂದರೆ... ಅವಳೂ ಅದನ್ನು ನೋಡಿದ್ದಳು!

ಮದುವೆಯಾದ ಹೊಸದರಲ್ಲಿ ಇಬ್ಬರೂ ತಾವಿರುವ ಜಾಗವನ್ನು ಫೋನಿನಲ್ಲಿ ಪರಸ್ಪರ ಕಾಣುವಂತೆ ಮಾಡಿಕೊಂಡಿದ್ದರು. ಬೇರೆಯಾದ ಮೇಲೂ ಅದನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಗೋದಾಮುಗಳ ನಡುವಿನ ಬಾಡಿಗೆ ಕೋಣೆಯಲ್ಲಿ ಅವಳು ಒಬ್ಬಳೇ ಕೂತಿದ್ದರೆ, ಫೋನಿನ ನಕ್ಷೆ ಅವಳನ್ನು ಗಂಡನ ಮನೆಯಲ್ಲೇ ತೋರಿಸುತ್ತಿತ್ತು. ಏಳರ ಹೊತ್ತಿಗೆ ಅವನ ಚುಕ್ಕೆ ಬೀದಿ ದಾಟಿ, ಬಾಗಿಲು ದಾಟಿ, ಅವಳ ಚುಕ್ಕೆಯ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು.

ಒಂದು ಸಂಜೆಯಂತೂ ಆ ಕೋಣೆಯಲ್ಲಿ ಕುರ್ಚಿಯ ಹಿಂದೆ ಯಾರೋ ಉಸಿರಾಡಿದ ಹಾಗೆ! ತಿರುಗಿದರೆ... ಬರೀ ಗೋಡೆ.

"ನೀವೇ ಏನೋ ಮಾಡಿದ್ದೀರಿ, ನನ್ನನ್ನ ಹೆದರಿಸೋಕೆ!" ಎಂದು ಈಗ ಅವನಿಗೇ ಅಂದುಬಿಟ್ಟಳು.

ಅವನು ಉತ್ತರಿಸಲಿಲ್ಲ. ಎಂದಿನ ಹಾಗೆ.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಅವನು ಆಡುವುದು ಎರಡೇ ಮಾತು: 'ಉಸಿರು ಬಿಗಿಹಿಡೀರಿ, ಬಿಡಿ.' ಮನೆಯಲ್ಲಿ ಅದೂ ಇಲ್ಲ. ಅವತ್ತು ಊಟದ ಮೇಜಿನಲ್ಲಿ ಅವನ ಅಕ್ಕ ಎಲ್ಲರೆದುರು, "ಮೂರು ವರ್ಷ ಆದ್ರೂ ನೆಂಟರ ಹಾಗಿದ್ದಾಳೆ, ನಮ್ಮವಳು ಅನ್ನಿಸೋದೇ ಇಲ್ಲ" ಎಂದಾಗಲೂ ಅವನು ತಟ್ಟೆಯನ್ನೇ ನೋಡುತ್ತಿದ್ದ. ಮರುದಿನವೇ ಅವಳು ಬಟ್ಟೆ, ನಿಘಂಟು, ತಾನೇ ಕೊಂಡಿದ್ದ ವೈಫೈ ರೂಟರ್ ಎತ್ತಿಕೊಂಡು ಹೊರಟಿದ್ದಳು.

ಅವನು ಹೋದ ಮೇಲೆ, ಮುದ್ರಣಾಲಯದಲ್ಲಿ ಪುಟ ಜೋಡಿಸುವ ಹಿರಿಯ ಸಹೋದ್ಯೋಗಿಗೆ ಎಲ್ಲವನ್ನೂ ಹೇಳಿಕೊಂಡಳು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಹುಚ್ಚಿ! ದೆವ್ವ ಅಲ್ಲ ಕಣೇ, ನಿನ್ನ ರೂಟರ್ರು! ಗೋಡೆಯೊಳಗೆ ಫೋನಿಗೆ ಉಪಗ್ರಹ ಸರಿಯಾಗಿ ಸಿಗಲ್ಲ. ಹತ್ತಿರ ಯಾವ ವೈಫೈ ಇದೆ ಅಂತ ನೋಡುತ್ತೆ. ಈ ರೂಟರ್ ಇಂಥ ಜಾಗದ್ದು ಅಂತ ಒಂದು ಪಟ್ಟೀಲಿ ಮೊದಲೇ ಸೇರಿರುತ್ತೆ. ನೀನು ಅದನ್ನ ಎತ್ಕೊಂಡು ಬಂದಿದ್ದು ಪಟ್ಟಿಗಿನ್ನೂ ಗೊತ್ತಾಗಿಲ್ಲ!"

"ಯಾವಾಗ ಗೊತ್ತಾಗುತ್ತೆ?"

"ವಾರಗಳೇ ಹಿಡೀಬಹುದು. ಅಲ್ಲೀವರೆಗೆ ಫೋನಿನ ಪಾಲಿಗೆ ನೀನು ಗಂಡನ ಮನೇಲೇ!"

ಅವಳೂ ನಕ್ಕಳು. ಆದರೆ ಆ ಕೆಂಪು ಕಣ್ಣುಗಳು... ಅವು ಹೆದರಿಸಲು ಬಂದವನ ಕಣ್ಣುಗಳಲ್ಲ.

ತಾನೇ ಫೋನ್ ಮಾಡಿ ಅವನನ್ನು ಸಂಜೆ ಕೋಣೆಗೆ ಕರೆದಳು. ಮೇಜಿನ ಮೇಲೆ ಮನೆಯೊಡತಿ ಬಿಟ್ಟುಹೋದ ಬಾಡಿಗೆ ಕರಾರುಪತ್ರವಿತ್ತು. ಇಡೀ ಒಂದು ವರ್ಷಕ್ಕೆ! ಬೆಳಿಗ್ಗೆಯೊಳಗೆ ಸಹಿ ಹಾಕಬೇಕು, ಇಲ್ಲವೇ ಕೋಣೆ ಬಿಡಬೇಕು. ಒಳಗೆ ಬಂದ ಅವನೂ ಅದನ್ನು ಓದಿದ. ಇದ್ದಲ್ಲೇ ಇಟ್ಟ.

ಮಿನುಗುತ್ತಿದ್ದ ರೂಟರನ್ನು ತೋರಿಸಿ ಅವಳು ಎಲ್ಲವನ್ನೂ ವಿವರಿಸಿದಳು. ಅವನು ತನ್ನ ಫೋನ್ ತೆರೆದ. ಅವನ ಚುಕ್ಕೆಯೂ ಈಗ ಆ ಮನೆಯಲ್ಲೇ! ಬೀಗ ಬಿದ್ದ, ದೀಪವಿಲ್ಲದ ಮನೆಯೊಳಗೆ ಎರಡು ಚುಕ್ಕೆಗಳು ಅಕ್ಕಪಕ್ಕ ಕೂತಿದ್ದವು.

ಅವನ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ... ನಾನು ಯಾರ ಹತ್ರ ಮಾತಾಡ್ತಿದ್ದೆ?"

"ಮಾತಾಡ್ತಿದ್ರಾ? ನೀವಾ?!"

"ದಿನಾ ಸಂಜೆ. ನಿನ್ನ ಓದೋ ಕೋಣೆ ಬಾಗಿಲ ಎದುರು ಕೂತು. ಎಷ್ಟು ಹುಡುಕಿದ್ರೂ ಸಿಗಲಿಲ್ವಲ್ಲ... ಕೋಪಕ್ಕೆ ಕಾಣಿಸ್ಕೊಳ್ತಿಲ್ಲ, ಆದ್ರೆ ಕೇಳಿಸ್ಕೊಳ್ತಿದ್ದೀಯ ಅಂದ್ಕೊಂಡೆ. ಒಂದ್ಸಲ ಒಳಗೆ ಯಾರೋ ನಿಟ್ಟುಸಿರು ಬಿಟ್ಟ ಹಾಗೂ ಆಯ್ತು."

ಅವಳು ತನ್ನ ಕುರ್ಚಿಯ ಹಿಂದೆ ಒಮ್ಮೆ ತಿರುಗಿ ನೋಡಿಕೊಂಡಳು.

"ಏನು ಮಾತಾಡಿದ್ರಿ?"

ಅವನು ಬಾಯಿ ತೆರೆದ. ಮುಚ್ಚಿದ. ಅವತ್ತು ತಟ್ಟೆಯನ್ನು ನೋಡಿದ ಹಾಗೆಯೇ ನೆಲವನ್ನು ನೋಡಿದ.

'ಖಾಲಿ ಬಾಗಿಲಿಗೆ ಸಿಕ್ಕ ಮಾತು ನನಗಿಲ್ಲವೇ?' ಅವಳು ಕರಾರನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಹೆಸರಿನ ಮೊದಲ ಅಕ್ಷರ ಬಿತ್ತು...

"ಅಕ್ಕಾ?"

ಬೆಚ್ಚಿ ತಲೆಯೆತ್ತಿದಳು. ಅವನು ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದಿದ್ದ.

"ಅವತ್ತು ಇವಳ ಬಗ್ಗೆ ನೀನು ಅಂದಿದ್ದು ತಪ್ಪು. ಕೇಳ್ಕೊಂಡು ಸುಮ್ಮನಿದ್ದದ್ದು ನನ್ನ ತಪ್ಪು."

"ಏನೋ ಇದು ಇದ್ದಕ್ಕಿದ್ದ ಹಾಗೆ? ಕುಡಿದಿದ್ದೀಯಾ?"

"ಇಲ್ಲ. ಅವಳು ನೆಂಟಳಲ್ಲ ಅಕ್ಕ. ಆ ಮನೆ ಅವಳದ್ದು. ಬರೋದು ಬಿಡೋದು ಅವಳಿಷ್ಟ. ಆದ್ರೆ ಇನ್ನೊಂದ್ಸಲ ಯಾರು ಹಾಗಂದ್ರೂ ನಾನು ಸುಮ್ಮನೆ ಕೂರಲ್ಲ."

ಫೋನ್ ಕೆಳಗಿಟ್ಟ.

ಅವಳು ಪೆನ್ನಿಗೆ ಮುಚ್ಚಳ ಹಾಕಿ ಕೇಳಿದಳು, "ಬಾಗಿಲೆದುರು ಇದನ್ನೇ ಹೇಳ್ತಿದ್ರಾ?"

"ಇದನ್ನ... ಮತ್ತೆ ಇನ್ನೊಂದು."

"ಅದಕ್ಕೆ ಒಳಗಿದ್ದವಳು ಏನಂದ್ಲು?"

"ಒಂದಿನಾನೂ ಬಾಯಿ ಬಿಡ್ಲಿಲ್ಲ."

ಅವಳು ಕರಾರನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನಾನು ಅವಳಷ್ಟು ಮೌನಿ ಅಲ್ಲ. ಹೇಳಿ, ಉತ್ತರ ಕೊಡ್ತೀನಿ."

ಅವನು ಈ ಬಾರಿ ಅವಳ ಕಣ್ಣನ್ನೇ ನೋಡಿದ.

"ನೀನಿಲ್ದೆ... ನನ್ನ ಕೈಲಿ ಆಗ್ತಿಲ್ಲ ಕಣೇ."

"ನಂಗೂ ಆಗ್ತಿಲ್ಲ ಕಣ್ರೀ..." ಎಂದಳು ಅವಳು.