ಒಬ್ಬಳು ‘ಬೇಡ’ ಅಂದರೆ...

"ನಿಮ್ಮ ಕನಸಿನ ಊರಲ್ಲಿ ‘ಬೇಡ’ ಅನ್ನೋರಿಗೆ ಜಾಗ ಇದೆಯಾ?"

ಅಕ್ರಾ ನಗರದ ಆ ಸಭಾಂಗಣದಲ್ಲಿ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ವೇದಿಕೆಯಲ್ಲಿ ನಾಳೆಯ ಆಫ್ರಿಕಾದ ಕನಸು ಬಿಡಿಸುತ್ತಿದ್ದ ತತ್ವಶಾಸ್ತ್ರದ ಅಧ್ಯಾಪಕ ಅಂಪೋಫೊ ತಲೆಯೆತ್ತಿದ. ಕೊನೆಯ ಸಾಲಿನಲ್ಲಿ ವುನ್‌ಪಿನಿ ನಿಂತಿದ್ದಳು. ರೇಡಿಯೋದಲ್ಲಿ ವಾರ್ತೆ ಓದುವ, ಉತ್ತರದ ದಗೋಂಬಾ ಬುಡಕಟ್ಟಿನ ಹುಡುಗಿ.

"ನಮ್ಮ ಹಿರಿಯರು ಮತ ಎಣಿಸ್ತಿರಲಿಲ್ಲ," ಅವನು ನಕ್ಕ. "ಎಲ್ಲರೂ ಒಪ್ಪೋವರೆಗೂ ಮಾತಾಡ್ತಿದ್ರು. ನಾಳೆಯ ಆಫ್ರಿಕಾನೂ ಹಾಗೇ..."

"ನಮ್ಮೂರಲ್ಲೂ ಎಲ್ಲರೂ ಒಪ್ಪಿದ್ರು. ನಮ್ಮಮ್ಮ ಮಾಟಗಾತಿ ಅಂತ!"

ಅವನ ನಗು ಆರಿಹೋಯಿತು. ಅವಳು ಹೊರನಡೆದಾಗ ಹಿಂದೆಯೇ ಓಡಿಬಂದು ಕ್ಷಮೆ ಕೇಳಿದ.

ಆಮೇಲೆ ಭೇಟಿಗಳು ಬೆಳೆದವು. "ಏ ಫುಫು ರಾಜಾ, ನಿಮ್ಮ ಮರಗೆಣಸಿನ ಮುದ್ದೆ ಬಿಟ್ಟು ನಮ್ಮ ಉತ್ತರದ ಜೋಳದ ಮುದ್ದೆ ಟೂ ಝಾಫಿ ನಿನ್ನ ಗಂಟಲಲ್ಲಿ ಇಳಿಯುತ್ತಾ?" ಎಂದು ಛೇಡಿಸುತ್ತಲೇ ಅವಳು ಮನಸ್ಸು ಕೊಟ್ಟಳು. ಯಾರದೋ ಮಗು ಜ್ವರದಿಂದ ಸತ್ತ ತಪ್ಪನ್ನು ಅಮ್ಮನ ತಲೆಗೆ ಕಟ್ಟಿ, ಊರು ಅವಳನ್ನು ಹಾಗೆ ಹೊರಹಾಕಿದ ಹೆಂಗಸರೇ ಬದುಕುವ ಮಾಟಗಾತಿಯರ ಕೇರಿಗೆ ಅಟ್ಟಿದ್ದನ್ನು ಹೇಳಿ ಅತ್ತಳು.

ಒಂದು ಸಂಜೆ ಅವನಿಗೆ ತಿಳಿಸದೆಯೇ ಅವನ ಭಾಷಣಕ್ಕೆ ಹೋದಳು.

"ಒಮ್ಮತವೇ ದುಃಸ್ವಪ್ನ ಆಗಬಹುದು," ಅವನು ಹೇಳುತ್ತಿದ್ದ. "ಒಬ್ಬ ತಾಯಿಯ ಕಥೆ ಕೇಳಿ..."

ಅಮ್ಮನ ಕಥೆ! ಜನ ಚಪ್ಪಾಳೆ ತಟ್ಟಿದರು.

"ನಮ್ಮಮ್ಮ ನಿನಗೊಂದು ಉದಾಹರಣೆನಾ?" ಬಾಗಿಲಲ್ಲಿ ಅವನನ್ನು ತಡೆದು ಕೇಳಿದಳು.

"ವುನ್‌ಪಿನಿ, ಒಂದ್ನಿಮಿಷ..."

"ಥೂ! ಇನ್ನು ನನ್ನ ಮುಖ ನೋಡಬೇಡ!"

ಅವನು ಭಾಷಣದ ಹಾಳೆಗಳನ್ನು ಮಡಚಿಕೊಂಡು ಹೊರಟ.

ಮಳೆಗಾಲ ಕಳೆಯುವ ಮೊದಲೇ ಅಮ್ಮ ತೀರಿಕೊಂಡಳು. ಊರಿಗೆ ಸುದ್ದಿ ಹೋಯಿತು. ಹಿರಿಯರು ಮತ್ತೆ ಕೂತರು, ಮತ್ತೆ ಒಪ್ಪಿದರು: ಹೆಣವೂ ಬರಕೂಡದು.

ವುನ್‌ಪಿನಿ ಕೇರಿಗೆ ಬಂದಳು. ಅಲ್ಲಿನ ಮುದುಕಿಯರೇ ಅಮ್ಮನ ಮೈ ತೊಳೆದರು. ಬಯಲಲ್ಲಿ ಒಬ್ಬ ಗುಂಡಿ ತೋಡುತ್ತಿದ್ದ. ಅಂಪೋಫೊ!

"ಇವನ್ಯಾಕೆ ಬಂದ?" ಅವಳು ಹಲ್ಲು ಕಚ್ಚಿದಳು.

"ಬರದೇ ಏನು?" ಒಬ್ಬ ಮುದುಕಿ ರೇಗಿದಳು. "ನಿಮ್ಮಮ್ಮನ ಸೂರಿಗೆ ಹುಲ್ಲು ಹೊದಿಸಿದ್ದು ಇವನೇ. ‘ನನ್ನ ಕಥೆ ಎಲ್ಲರಿಗೂ ಹೇಳು ಮಗಾ, ನನ್ನ ಮಗಳಿಗೆ ಮಾತ್ರ ನೀನು ಬಂದಿದ್ದು ಹೇಳ್ಬೇಡ, ತನಗೆ ಬರೋಕಾಗ್ಲಿಲ್ಲ ಅಂತ ನೊಂದ್ಕೋತಾಳೆ’ ಅಂತ ಅವಳೇ ಆಣೆ ಹಾಕಿಸಿದ್ಲು. ನೀನೆಲ್ಲಿದ್ದೆ, ತಾಯಿ?"

ರೇಡಿಯೋದಲ್ಲಿ ಲೋಕದ ಸುದ್ದಿಯನ್ನೆಲ್ಲ ಓದಿದವಳು ಈ ಕೇರಿಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ನಾಚಿಕೆ... ಅಮ್ಮನ ಬಗ್ಗೆ ನಾಚಿಕೆ!

ಮಣ್ಣು ಮುಚ್ಚಿದ ಮೇಲೆ ಇಬ್ಬರೂ ಅಲ್ಲೇ ಕುಳಿತರು.

"ಅಂದೇ ಯಾಕೆ ಹೇಳ್ಲಿಲ್ಲ?"

"ಅಮ್ಮನಿಗೆ ಮಾತು ಕೊಟ್ಟಿದ್ದೆ."

"ನಾನು ನಿನ್ನ ಉಗಿದೆ..."

"ಹ್ಞೂಂ. ಇವತ್ತಿಗೂ ಉರಿಯುತ್ತೆ." ಅವನು ಮಣ್ಣಾದ ಕೈಗಳನ್ನು ನೋಡಿಕೊಂಡ. "ನಿನ್ನ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀಯಾ?"

"ನಿಮ್ಮವರು ಒಪ್ಪಲ್ಲ. ಮಾಟಗಾತಿ ಮಗಳು ನಾನು."

"ನಾನು ಕೇಳ್ತಿರೋದು ನಿನ್ನ."

ಅವಳು ಹಸಿ ಗೋರಿಯನ್ನು ನೋಡಿದಳು.

"ಇವತ್ತು... ಬೇಡ."

"ಸರಿ." ಅವನು ಎದ್ದು ಹೋಗಲಿಲ್ಲ. "ನಾಳೆ ಕೇಳ್ಲಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿ ಬಿಕ್ಕಿದಳು.

"ಕೇಳು."