ಮಾತಿನ ನಡುವೆ ನಿದ್ದೆಹೋದವಳು

ವರ ಮಾತಾಡುತ್ತಿದ್ದಂತೆಯೇ ಶೀತಲ ನಿದ್ದೆಹೋಗಿಬಿಟ್ಟಿದ್ದಳು!

ಕಣ್ಣು ಬಿಟ್ಟಾಗ ಬೈಲಹೊಂಗಲದ ತಮ್ಮ ಮನೆಯ ಪಡಸಾಲೆಯಲ್ಲಿ ಹೆಣ್ಣು ನೋಡಲು ಬಂದವರು ಯಾರೂ ಇರಲಿಲ್ಲ. ಖಾಲಿ ಕಪ್ಪು-ಬಸಿ ಎತ್ತುತ್ತಿದ್ದ ಅವ್ವ ತಂಗೆವ್ವ ಮಾತ್ರ ಇದ್ದಳು.

"ಎದ್ದ್ಯಾ? ಹೋದ್ರು ಅವ್ರು! ವರನ ಅಕ್ಕನ ಮಾರಿ ನೋಡಬೇಕಿತ್ತು..."

"ಅವ್ರು... ಏನಂದ್ರು?"

"ಏನಂತಾನ? ಎಬ್ಬಿಸಬ್ಯಾಡ್ರಿ ಅಂದ, ಸುಮ್ನ ಎದ್ದು ಹೋದ."



ಶೀತಲಳ ಸ್ತನ ಕ್ಯಾನ್ಸರಿನ ವಿಷಯವನ್ನು ಮನೆಯವರು ಮುಚ್ಚಿಟ್ಟಿರಲಿಲ್ಲ. ಆಪರೇಷನ್ನು, ಕೀಮೋ, ರೇಡಿಯೇಷನ್ನಿನ ಕರೆಂಟು ಕೊಡಿಸಿದ್ದು... ಎಲ್ಲ ತಿಳಿದೇ ವರ ವಿರೂಪಾಕ್ಷ ಮುನವಳ್ಳಿಯಿಂದ ಬಂದಿದ್ದ. ಅಲ್ಲಿ ಅವನದು ಪಂಪ್‌ಸೆಟ್ ಅಂಗಡಿ. ಹೆಂಡತಿ ತೀರಿ ವರ್ಷಗಳಾಗಿದ್ದವು. ಅವನ ಸಂಕೋಚದ ನಗೆ ಶೀತಲಳಿಗೆ ಮೊದಲ ನೋಟಕ್ಕೇ ಹಿಡಿಸಿತ್ತು!

ಆದರೆ ಈ ದಣಿವು? ಅದನ್ನು ಯಾರಿಗೆ ಹೇಳುವುದು?

ಚಿಕಿತ್ಸೆ ಮುಗಿದು ಕೂದಲು ಬಂದಮೇಲೆ, "ಈಗ ಆರಾಮ ಅದಿಯಲ್ಲ!" ಎನ್ನುವವರೇ ಎಲ್ಲ. ಮಲಗಿ ಎದ್ದರೂ ಹೋಗದ ದಣಿವದು. ತಲೆ ಬಾಚಿಕೊಂಡರೆ ಕೈ ಸೋಲುತ್ತಿತ್ತು. ಅಂದು ಉಪ್ಪಿಟ್ಟು ಮಾಡಿ, ಸೀರೆ ಉಡುವಷ್ಟರಲ್ಲಿ ಶಕ್ತಿಯೆಲ್ಲ ತೀರಿತ್ತು. "ತಿಂಗಳಗಟ್ಟಲೆ ಇರಬಹುದು. ದಿನಾ ಸ್ವಲ್ಪ ನಡೀರಿ, ನಡುನಡುವ ಕುಂದರ್ರಿ" ಎಂದಿದ್ದರು ಡಾಕ್ಟರು.

'ಇಂಥಾಕಿ ಬ್ಯಾಡ ಅಂತನ ಹೋಗಿರಬೇಕು... ಹಂಗಾರ ಎಬ್ಬಿಸಬ್ಯಾಡ್ರಿ ಅಂತ ಯಾಕ ಅಂದ್ರು?'

ಆ ಒಂದು ಮಾತು ಅವಳನ್ನು ಬಿಡಲಿಲ್ಲ. ಒಂದೆರಡು ದಿನ ಕೆಲಸ ಬಿಟ್ಟು ಸುಧಾರಿಸಿಕೊಂಡಳು. ಆಮೇಲೆ ಅವ್ವನಿಗೆ ಹೇಳಿ, ಮುಂಜಾನೆಯ ಬಸ್ಸು ಹತ್ತಿದಳು.

ಮುನವಳ್ಳಿ ಸ್ಟ್ಯಾಂಡಿನಿಂದ ಅಂಗಡಿ ದೂರವಿರಲಿಲ್ಲ. ಆದರೂ ಕಟ್ಟೆ ಕಂಡಲ್ಲೆಲ್ಲ ಕುಳಿತು, ಎದ್ದು ನಡೆದಳು.

ಮೋಟರು ಬಿಚ್ಚುತ್ತಿದ್ದ ವಿರೂಪಾಕ್ಷ ಗಡಬಡಿಸಿ ಎದ್ದ.

"ನೀವು!... ಬರ್ರಿ, ಕುಂದರ್ರಿ."

"ನಾ ಬ್ಯಾಡಾಗಿದ್ರ ಹೇಳಿ ಹೋಗಬೇಕಿತ್ತಲ್ರಿ..."

"ನಾ ಎಲ್ಲೆ ಬ್ಯಾಡಂದೆ? ಮೋಟರಿನ ಸುದ್ದಿ ಹೇಳಾಕ ಹತ್ತಿದ್ದೆ, ನೀವು ಮಲಗಿಬಿಟ್ರಿ! ಪಾಪ, ಮನಸಿಲ್ದಿದ್ರೂ ನಿಮ್ಮನ್ನ ಕುಂದ್ರಿಸ್ಯಾರ ಅನಕೊಂಡೆ."

ಶೀತಲಳಿಗೆ ನಗು, ಅಳು ಒಟ್ಟಿಗೇ ಬಂದವು.

"ಮನಸಿತ್ತರಿ... ಮೈಯಾಗ ಬಲಾ ಇರಲಿಲ್ಲ."

ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. "ಇದು ಯಾವಾಗ ಹೋಗತೈತೋ ಗೊತ್ತಿಲ್ಲರಿ. ಕೆಲವು ದಿನ ರೊಟ್ಟಿ ಬಡಿಯಾಕ ಆಗೂದಿಲ್ಲ. ಕೆಲವು ದಿನ ಮಾತೂ ಬ್ಯಾಡ ಅನಸ್ತೈತಿ."

ಅವನು ಎಣ್ಣೆ ಹತ್ತಿದ ಕೈ ಒರೆಸಿಕೊಂಡ.

"ರೊಟ್ಟಿ ಖಾನಾವಳ್ಯಾಗ ಸಿಗತಾವ. ಮಾತು ಬ್ಯಾಡಾದ ದಿನ ನಾನೂ ಸುಮ್ನ ಬಾಜೂಕ ಕುಂದರತೇನಿ. ಆದ್ರ ಶೀತಲ... ದಣಿವಾದ್ರ ನನಗ ಹೇಳಬೇಕು."

ಅವನ ಬಾಯಲ್ಲಿ ಮೊದಲ ಸಲ ತನ್ನ ಹೆಸರು!

"ಈಗ ಹೇಳ್ಲಿ? ಭಾಳ ದಣದೇನ್ರಿ."

ಅವನು ಫ್ಯಾನು ಅವಳತ್ತ ತಿರುಗಿಸಿದ, ಮಜ್ಜಿಗೆ ತಂದುಕೊಟ್ಟ. ಅವಳು ಕುಡಿದು ಮುಗಿಸುವವರೆಗೂ ಕಾದ.

"ಮದಿವಿ ಯಾವಾಗ ಮಾಡೂಣು?"

ಅವಳು ತಲೆ ತಗ್ಗಿಸಿದಳು. "ಪೂರಾ ಆರಾಮ ಆಗ್ಲಿರಿ... ಮಂಟಪದಾಗ ತಾಸಗಟ್ಟಲೆ ನಿಂದ್ರಾಕ ನನ್ನಿಂದ ಆಗೂದಿಲ್ಲ."

"ನಿಂದರ್ರಿ ಅಂತ ಯಾರಂದ್ರು? ಎರಡು ಕುರ್ಚಿ ಹಾಕಸ್ತೇನಿ. ಅಕ್ಕಿಕಾಳು ಕುಂತವ್ರ ತಲಿ ಮ್ಯಾಲೂ ಬೀಳತಾವ."

"ಎರಡ್ಯಾಕ? ನಿಮಗೇನು ದಣಿವು?"

"ನೀವು ಕುಂತ ಮ್ಯಾಲ, ನಾ ಒಬ್ಬಾವನ ನಿಂತು ಏನು ಮಾಡ್ಲಿ?"